‘ರೀ’ ಇಲ್ಲದ ಮಾತನ್ನು ಅಳೆಯಹೊರಟ ವರ್ಷ

ಧಾರವಾಡದ ಕಾಲೇಜೊಂದರಲ್ಲಿ ನಾನು ಮನಃಶಾಸ್ತ್ರ ಓದುತ್ತಿದ್ದಾಗ, ಪದವಿಯ ಮೂರನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಒಂದು ಕಿರುಸಂಶೋಧನೆ ಮಾಡಿ ಪ್ರಬಂಧ ಒಪ್ಪಿಸಬೇಕಾಗಿತ್ತು. ಗೆಳತಿಯರಲ್ಲಿ ಹೆಚ್ಚಿನವರು ಮೊಬೈಲ್ ಬಳಕೆಯನ್ನೋ ಪರೀಕ್ಷೆಯ ಭಯವನ್ನೋ ಆರಿಸಿಕೊಂಡರು. ತರಗತಿಯಲ್ಲಿಯೇ ಹಾಳೆ ಹಂಚಿ, ಒಂದು ತಾಸಿನಲ್ಲಿ ಉತ್ತರ ತುಂಬಿಸಿಕೊಳ್ಳಬಹುದಾದ ವಿಷಯಗಳು ಅವು. ನಾನು ಬರೆದುಕೊಟ್ಟ ವಿಷಯ ‘ಮನೆಗೆಲಸದ ಮಹಿಳೆಯರಲ್ಲಿ ತಾರತಮ್ಯದ ಅನುಭವ ಮತ್ತು ರಕ್ತದೊತ್ತಡ’ ಎಂಬುದಾಗಿತ್ತು. ಮಾರ್ಗದರ್ಶಕಿಯಾಗಿದ್ದ ಮೇಡಂ ಅದನ್ನು ಎರಡು ಸಲ ಓದಿ, ಇದು ನಿನಗೆ ಎಲ್ಲಿಂದ ಬಂತು ಎಂದು ಕೇಳಿದರು.

ಅದು ಬಂದದ್ದು ನಮ್ಮ ಅವ್ವನಿಂದ. ಗದಗ ಜಿಲ್ಲೆಯ ನಮ್ಮೂರಿನಲ್ಲಿ ಅವಳು ಹೊಲದ ಕೂಲಿಗೆ ಹೋಗುತ್ತಾಳೆ. ನಲವತ್ತೊಂದನೆಯ ವಯಸ್ಸಿಗೇ ಅವಳಿಗೆ ಬಿ.ಪಿ. ಇದೆ ಎಂದು ಗೊತ್ತಾದಾಗ ನಾನು ಪಿ.ಯು.ಸಿ. ಓದುತ್ತಿದ್ದೆ. ಉಪ್ಪು ಕಡಿಮೆ ಮಾಡು, ಟೆನ್ಶನ್ ಮಾಡ್ಕೋಬ್ಯಾಡ ಎಂದು ಡಾಕ್ಟರು ಹೇಳಿ ಕಳಿಸಿದರು. ಬಸ್‌ಸ್ಟ್ಯಾಂಡಿನ ಕಡೆಗೆ ನಡೆಯುವಾಗ ಅವ್ವ, “ಟೆನ್ಶನ್ ನಾ ಮಾಡ್ಕೊಂತೀನೇನ ಯವ್ವಾ? ಅದನ್ನ ಮಾಡೋರು ಬ್ಯಾರೇದವ್ರು ಅದಾರ” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನೊಂದು ಕಾರಣ ನನ್ನದೇ ಆಗಿತ್ತು. ಪ್ರಾಥಮಿಕ ಶಾಲೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ಬಂದ ದಿನ ನಮ್ಮನ್ನು ಹೆಸರಿನಿಂದ ಕರೆಯದೆ, ಜಾತಿಯ ಹೆಸರು ಹೇಳಿ ‘ಆ ಮಂದಿ ಎದ್ದು ನಿಲ್ಲಿರಿ’ ಎನ್ನುತ್ತಿದ್ದರು. ಎದ್ದು ನಿಂತು ಕುಳಿತ ಮೇಲೆ ಮುಂದಿನ ಅವಧಿಯ ಗಣಿತದಲ್ಲಿ ನಾನು ಬಿಡಿಸಬಲ್ಲ ಲೆಕ್ಕವೂ ತಪ್ಪುತ್ತಿತ್ತು. ಪದವಿಯ ಎರಡನೆಯ ವರ್ಷದಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅವರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಯೋಗದ ವಿವರ ಓದಿದಾಗ ಆ ದಿನಗಳೇ ಕಣ್ಣ ಮುಂದೆ ಬಂದವು. ಆರು ಮತ್ತು ಏಳನೆಯ ತರಗತಿಯ 642 ಹುಡುಗರಿಗೆ, ಮೇಲ್ಜಾತಿ ಮತ್ತು ಕೆಳಜಾತಿ ಎನಿಸಿಕೊಂಡವರಿಗೆ ಸರಿಪಾಲಾಗಿ, ದಾರಿ ಹುಡುಕುವ ಚಕ್ರವ್ಯೂಹದ ಚಿತ್ರಗಳನ್ನು ಬಿಡಿಸಲು ಕೊಟ್ಟರು. ಯಾರ ಜಾತಿಯನ್ನೂ ಹೇಳದಿದ್ದಾಗ ಎರಡೂ ಗುಂಪಿನ ಹುಡುಗರು ಹೆಚ್ಚುಕಡಿಮೆ ಒಂದೇ ಸಮನಾಗಿ ಬಿಡಿಸಿದರು. ಎಲ್ಲರೆದುರು ಹೆಸರು, ಊರು, ಜಾತಿಗಳನ್ನು ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರು ಬಿಡಿಸಿದ ಚಿತ್ರಗಳ ಸಂಖ್ಯೆ ಇಳಿದುಹೋಯಿತು. ಆ ಪುಟದ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ.

ಮೇಡಂ ವಿಷಯಕ್ಕೆ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಮೊದಲು ಎರಡು ತಿಂಗಳು ಓದಬೇಕು, ಆಮೇಲೆ ಮಾತ್ರ ಮನೆಗಳಿಗೆ ಹೋಗಬೇಕು. ಹಾಗೆ 2023ರ ಮಳೆಗಾಲವೆಲ್ಲ ನಾನು ಗ್ರಂಥಾಲಯದ ಕಿಟಕಿಯ ಪಕ್ಕದ ಮೇಜಿನಲ್ಲಿ ಕಳೆದೆ. ಓದುತ್ತ ಹೋದಂತೆ ಅವ್ವನ ಪ್ರಶ್ನೆಗೆ ಒಂದು ದಾರಿ ಕಾಣತೊಡಗಿತು. ಅಪಾಯದ ಸೂಚನೆ ಸಿಕ್ಕಾಗ ಮೆದುಳಿನ ತಳದಲ್ಲಿರುವ ಹೈಪೋಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ, ಅದು ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಗೆ ಹೇಳುತ್ತದೆ, ಅವು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಇದಕ್ಕಿಂತ ವೇಗವಾದ ಇನ್ನೊಂದು ದಾರಿ ನರಗಳದ್ದು. ಅದರಿಂದ ಕ್ಷಣಾರ್ಧದಲ್ಲಿ ಎದೆಬಡಿತ ಏರುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಹೊಲದಲ್ಲಿ ಹಾವು ಕಂಡಾಗ ಜಿಗಿದು ದೂರ ಸರಿಯಲು ಈ ಏರ್ಪಾಟೇ ಬೇಕು. ಹಾವು ಹೋದ ಮೇಲೆ ಎಲ್ಲವೂ ಇಳಿಯಬೇಕು. ಇಳಿಸುವ ಕೆಲಸದಲ್ಲಿ ದೊಡ್ಡ ಪಾಲು ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಭಾಗದ್ದು.

ಅಮೆರಿಕದ ನರವಿಜ್ಞಾನಿ ಬ್ರೂಸ್ ಮೆಕ್ಯೂವನ್ ಅವರು 1968ರಲ್ಲಿ ಇಲಿಗಳ ಮೆದುಳಿನಲ್ಲಿ ಒತ್ತಡದ ಹಾರ್ಮೋನು ಹೋಗಿ ನೆಲೆಸುವುದು ಇದೇ ಹಿಪೊಕ್ಯಾಂಪಸ್‌ನಲ್ಲಿ ಎಂದು ತೋರಿಸಿದ್ದರು. ಮುಂದಿನ ದಶಕಗಳ ಕೆಲಸದಿಂದ, ಬಹಳ ಕಾಲದ ಒತ್ತಡಕ್ಕೆ ಸಿಕ್ಕ ಪ್ರಾಣಿಗಳಲ್ಲಿ ಆ ಭಾಗದ ನರಕೋಶಗಳ ಕವಲುಗಳು ಮೊಟಕಾಗುತ್ತವೆ, ಭಯವನ್ನು ಗುರುತಿಸುವ ಅಮಿಗ್ಡಲಾದಲ್ಲಿ ಕವಲುಗಳು ಹೆಚ್ಚುತ್ತವೆ ಎಂಬುದು ತಿಳಿಯಿತು. ಬ್ರೇಕು ಸವೆಯುತ್ತದೆ, ಎಚ್ಚರಿಕೆಯ ಗಂಟೆ ಚುರುಕಾಗುತ್ತದೆ. 1993ರಲ್ಲಿ ಮೆಕ್ಯೂವನ್ ಮತ್ತು ಎಲಿಯಟ್ ಸ್ಟೆಲ್ಲರ್ ಇಬ್ಬರೂ ಸೇರಿ ಹೀಗೆ ಮೈಯಲ್ಲಿ ಕೂಡಿಬೀಳುವ ಸವೆತಕ್ಕೆ ‘ಅಲೋಸ್ಟ್ಯಾಟಿಕ್ ಲೋಡ್’ ಎಂದು ಹೆಸರಿಟ್ಟರು. ನಾನು ನನ್ನ ನೋಟ್‌ಬುಕ್ಕಿನಲ್ಲಿ ಅದನ್ನು ‘ಮೈ ಹೊತ್ತ ಭಾರ’ ಎಂದು ಬರೆದುಕೊಂಡೆ. ಪ್ರಬಂಧದ ಕೊನೆಯವರೆಗೂ ಆ ಹೆಸರನ್ನೇ ಉಳಿಸಿಕೊಂಡೆ.

ನನ್ನ ಮೊದಲ ಯೋಜನೆಯಲ್ಲಿ ಜೊಲ್ಲಿನ ಮಾದರಿ ತೆಗೆದು ಕಾರ್ಟಿಸಾಲ್ ಅಳೆಯುವುದೂ ಇತ್ತು. ಅದು ಕಾಗದದ ಮೇಲೆಯೇ ಉಳಿಯಿತು. ಕಾರ್ಟಿಸಾಲ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಎಚ್ಚರವಾದ ಅರ್ಧ ಮುಕ್ಕಾಲು ಗಂಟೆಯಲ್ಲಿ ಏರಿ, ರಾತ್ರಿಯ ಹೊತ್ತಿಗೆ ತೀರ ಇಳಿಯುತ್ತದೆ. ಆದ್ದರಿಂದ ಎದ್ದ ಗಳಿಗೆಯಿಂದ ಹೊತ್ತು ನೋಡಿಕೊಂಡು ಹಲವು ಸಲ ಮಾದರಿ ತೆಗೆದು, ಅದನ್ನು ತಂಪಿನಲ್ಲಿ ಇಡಬೇಕು. ಬೆಳಗಿನ ಐದಕ್ಕೇ ಎದ್ದು ನೀರು ತುಂಬಿ, ಆರೂವರೆಗೆ ಮೊದಲ ಮನೆಯ ಭಾಂಡೆ ತಿಕ್ಕಲು ಹೊರಡುವವರಿಗೆ ಇದನ್ನು ಮಾಡಿರಿ ಎಂದು ಹೇಳುವುದು ಹೇಗೆ? ಪರೀಕ್ಷೆಯ ಖರ್ಚಂತೂ ನಮ್ಮ ಕೈಮೀರಿದ್ದು. ಮೈ ಹೊತ್ತ ಭಾರವನ್ನು ಲೆಕ್ಕಹಾಕಲು ಮೊದಮೊದಲ ಅಧ್ಯಯನಗಳು ಬಳಸಿದ್ದ ಹತ್ತು ಅಳತೆಗಳಲ್ಲಿ ರಕ್ತದೊತ್ತಡದ ಮೇಲಿನ ಸಂಖ್ಯೆ, ಕೆಳಗಿನ ಸಂಖ್ಯೆ, ಸೊಂಟ ಮತ್ತು ಪೃಷ್ಠದ ಸುತ್ತಳತೆಯ ಅನುಪಾತ ಈ ಮೂರು ನನ್ನ ಕೈಗೆ ಎಟಕುವಂತಿದ್ದವು. ಒಂದು ಬಿ.ಪಿ. ಯಂತ್ರ, ಒಂದು ಟೇಪು ಇದ್ದರೆ ಸಾಕಾಗಿತ್ತು. ಮೆದುಳನ್ನು ನಾನು ನೋಡಲಾರೆ, ಅಲ್ಲಿಂದ ಹೊರಟ ಸಂದೇಶ ಮೈಗೆ ಮುಟ್ಟಿದ ಮೇಲೆ ಆಗುವುದನ್ನು ಮಾತ್ರ ಅಳೆಯಬಲ್ಲೆ ಎಂಬುದನ್ನು ಪ್ರಬಂಧದ ಮೊದಲ ಪುಟದಲ್ಲಿಯೇ ಬರೆಯಬೇಕೆಂದು ಮೇಡಂ ಹೇಳಿದರು. ಬರೆದೆ.

ಆಮೇಲೆ ಬಂದದ್ದು ಪ್ರಶ್ನಾವಳಿ. ಇಡೀ ವರ್ಷದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಇದರಿಂದಲೇ. ಅಮೆರಿಕದ ಡೇವಿಡ್ ವಿಲಿಯಮ್ಸ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ, ದಿನನಿತ್ಯದ ತಾರತಮ್ಯವನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಮಾಪನ ಜಗತ್ತಿನ ಹಲವೆಡೆ ಬಳಕೆಯಲ್ಲಿದೆ. ಕೆಲಸದಿಂದ ತೆಗೆದುಹಾಕಿದಂಥ, ಪೊಲೀಸರು ಹೊಡೆದಂಥ ದೊಡ್ಡ ಘಟನೆಗಳನ್ನು ಅದು ಕೇಳುವುದಿಲ್ಲ. ದಿನಾಲೂ ಚುಚ್ಚುವ ಸಣ್ಣ ಮುಳ್ಳುಗಳನ್ನು ಕೇಳುತ್ತದೆ. ಅದನ್ನು ನಾನು ಕನ್ನಡಕ್ಕೆ ತಂದೆ. ನಿಯಮದಂತೆ, ಮೂಲವನ್ನು ನೋಡಿರದ ಇನ್ನೊಬ್ಬರು ನನ್ನ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಹಾಸ್ಟೆಲಿನ ಗೆಳತಿಯೊಬ್ಬಳು ತಿರುಗಿಸಿಕೊಟ್ಟಾಗ ಮೊದಲ ಎರಡು ಪ್ರಶ್ನೆಗಳು ಒಂದೇ ಆಗಿಬಿಟ್ಟಿದ್ದವು. ಮೂಲದಲ್ಲಿ ಒಂದು ಪ್ರಶ್ನೆ ಸೌಜನ್ಯದ್ದು, ಇನ್ನೊಂದು ಗೌರವದ್ದು. ನಮ್ಮ ಕಡೆ ಮನೆಮಾತಿನಲ್ಲಿ ಎರಡೂ ‘ಮರ್ಯಾದಿ’ಯೇ. ಸೌಜನ್ಯ ಎಂಬ ಶಬ್ದವನ್ನು ಮದುವೆಗೆ ಕರೆಯುವಾಗಾಗಲಿ, ಸಂತೆಯ ಮಾತಿನಲ್ಲಾಗಲಿ ನಾನು ಯಾರ ಬಾಯಿಂದಲೂ ಕೇಳಿಲ್ಲ.

ಹಾಗಾದರೆ ಮರ್ಯಾದೆ ಇಲ್ಲದ್ದು ಎಲ್ಲಿ ಗೊತ್ತಾಗುತ್ತದೆ ಎಂದು ಪರೀಕ್ಷಾರ್ಥವಾಗಿ ಮಾತನಾಡಿಸಿದ ನಾಲ್ವರು ಮಹಿಳೆಯರನ್ನು ಕೇಳಿದೆ. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ. “ರೀ ಹಚ್ಚೂದಿಲ್ಲಲ್ರೀ ಅಕ್ಕಾರ, ಅದಕ್ಕಿಂತ ಇನ್ನೇನ ಬೇಕ್ರೀ?” ಧಾರವಾಡದ ಮಾತಿನಲ್ಲಿ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡ ಆ ಒಂದಕ್ಷರ ಇದ್ದರೆ ಮನುಷ್ಯ ಮನುಷ್ಯನಾಗಿ ನಿಲ್ಲುತ್ತಾನೆ, ಬಿದ್ದುಹೋದರೆ ಕುಗ್ಗುತ್ತಾನೆ. ತರಕಾರಿಯವನಿಗೆ ‘ಕೊಡ್ರಿ’, ಆಟೋದವನಿಗೆ ‘ಬರ್ರಿ’ ಎನ್ನುವ ಬಾಯಿಯೇ ಮನೆಯೊಳಗೆ ಬಂದು ಐವತ್ತೈದು ವರ್ಷದ ಹೆಂಗಸಿಗೆ ‘ಏ, ಇಲ್ಲಿ ಬಾ’ ಎನ್ನುತ್ತದೆ. ಆದರೆ ಏಕವಚನವೆಲ್ಲ ಅವಮಾನವೂ ಅಲ್ಲ. ಅವ್ವನನ್ನು, ದೇವರನ್ನು, ಜೀವದ ಗೆಳತಿಯನ್ನು ನಾವು ಏಕವಚನದಲ್ಲಿಯೇ ಕರೆಯುತ್ತೇವೆ. ಓಣಿಯಲ್ಲಿ ‘ಅಕ್ಕಾ, ಬಾ’ ಎಂದರೆ ಅದು ಪ್ರೀತಿ. ಬಹಳ ತಿದ್ದಿದ ಮೇಲೆ ಮೊದಲ ಪ್ರಶ್ನೆ ಹೀಗಾಯಿತು: ‘ವಯಸ್ಸಿನಾಗ ನಿಮಗಿಂತ ಸಣ್ಣವರು, ನಿಮ್ಮ ಬಳಗದವರಲ್ಲದವರು, ರೀ ಹಚ್ಚದ ನಿಮ್ಮನ್ನ ಕರೀತಾರೇನ್ರಿ?’

ಜನ ನಿಮ್ಮನ್ನು ಕಂಡರೆ ಹೆದರಿದವರಂತೆ ನಡೆದುಕೊಳ್ಳುತ್ತಾರೆಯೇ ಎಂಬುದು ಮೂಲದ ಇನ್ನೊಂದು ಪ್ರಶ್ನೆ. ಬೀದಿಯಲ್ಲಿ ಕಪ್ಪು ಜನರನ್ನು ಕಂಡು ಕೈಚೀಲ ಬಿಗಿಹಿಡಿಯುವ ಸಮಾಜದಲ್ಲಿ ಆ ಪ್ರಶ್ನೆಗೆ ಅರ್ಥವಿದೆ. ಇಲ್ಲಿ ಅದನ್ನು ಕೇಳಿದಾಗ ಮೂವರು ನಕ್ಕರು. ನಾಲ್ಕನೆಯವರು, ವಯಸ್ಸಾದ ಹೆಂಗಸು, ನಗಲಿಲ್ಲ. “ನಮಗ ಯಾರ ಅಂಜ್ತಾರವ್ವಾ? ನಾವು ಮುಟ್ಟಿದ್ದಕ್ಕ ಅಂಜ್ತಾರ” ಎಂದರು. ಆ ಪ್ರಶ್ನೆಯನ್ನು ತೆಗೆದು ನಾನು ಮುಟ್ಟುವುದರ ಪ್ರಶ್ನೆ ಇಟ್ಟೆ, ಚಹಾದ ಲೋಟದ ಪ್ರಶ್ನೆಯನ್ನೂ ಇಟ್ಟೆ. ಇಷ್ಟು ಬದಲಿಸಿದ ಮೇಲೆ ಇದನ್ನು ಆ ಮಾಪನದ ಅನುವಾದವೆಂದು ಕರೆಯುವಂತಿಲ್ಲ, ಅದರ ಆಧಾರದ ಮೇಲೆ ಮಾಡಿಕೊಂಡ ಹೊಸ ಪ್ರಶ್ನಾವಳಿ ಎಂದೇ ಹೇಳಬೇಕು ಎಂದು ಮೇಡಂ ಎಚ್ಚರಿಸಿದರು. ಉತ್ತರದ ಆಯ್ಕೆಗಳನ್ನೂ ಜನರ ಲೆಕ್ಕಕ್ಕೆ ತಂದೆವು: ದಿನಾ, ಸಂತಿಗೊಮ್ಮೆ, ಅಮಾಸಿಗೊಮ್ಮೆ, ವರ್ಷಕ್ಕೊಂದೆರಡು ಸಲ, ಎಂದೂ ಇಲ್ಲ. ಕೊನೆಗೆ ಹದಿಮೂರು ಪ್ರಶ್ನೆಗಳಾದವು.

ಕಾಲೇಜಿನ ನೈತಿಕ ಸಮಿತಿಯ ಮುಂದೆ ಹೋದಾಗ ಚರ್ಚೆ ನಡೆದದ್ದು ಒಪ್ಪಿಗೆಯ ಪತ್ರದ ಬಗ್ಗೆ. ಓದಲು ಬಾರದವರಿಂದ ಹೆಬ್ಬೆಟ್ಟಿನ ಗುರುತು ತೆಗೆದುಕೊಳ್ಳಬೇಕು ಎಂದು ನಮೂನೆಯಲ್ಲಿತ್ತು. ಆದರೆ ಓಣಿಯಲ್ಲಿ ಹೆಬ್ಬೆಟ್ಟು ಎಂದರೆ ಸಂಘದ ಸಾಲ, ಅದರ ವಾರದ ಕಂತು. ಮಸಿಡಬ್ಬಿ ತೆಗೆದ ಕೂಡಲೇ ಇಬ್ಬರು ಎದ್ದುಹೋಗಿದ್ದನ್ನು ನಾನು ಸಮಿತಿಗೆ ಹೇಳಿದೆ. ಪತ್ರವನ್ನು ಪೂರ್ತಿ ಓದಿ ಹೇಳಿ, ಸಂಶೋಧನೆಗೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರು ಬಾಯಿಮಾತಿನ ಒಪ್ಪಿಗೆ ಪಡೆದು, ಸಾಕ್ಷಿಯ ಸಹಿ ಹಾಕಿಸಬೇಕೆಂದು ತೀರ್ಮಾನವಾಯಿತು. ಬೇಡವೆನಿಸಿದಾಗ ನಡುವೆಯೇ ನಿಲ್ಲಿಸಬಹುದು, ಹೆಸರು ಎಲ್ಲಿಯೂ ಬರುವುದಿಲ್ಲ, ಕೆಲಸದ ಮನೆಯವರಿಗೆ ಒಂದು ಮಾತೂ ಹೋಗುವುದಿಲ್ಲ ಎಂಬ ಮೂರು ವಿಷಯಗಳನ್ನು ಪ್ರತಿ ಮನೆಯಲ್ಲೂ ಮೊದಲು ಹೇಳಿದೆ. ಮೂರನೆಯದನ್ನು ಕೇಳಿದಾಗ ಮಾತ್ರ ಅವರ ಮುಖದ ಬಿಗಿ ಸಡಿಲವಾಗುತ್ತಿತ್ತು.

ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಊರಂಚಿನ ಎರಡು ಓಣಿಗಳಲ್ಲಿ 38 ಮಹಿಳೆಯರನ್ನು ಭೇಟಿಯಾದೆ. ಬೆಳಗಿನ ಪಾಳಿ ಮುಗಿಸಿ ಬಂದು ಸಂಜೆಯ ಪಾಳಿಗೆ ಹೊರಡುವ ನಡುವಿನ ಹೊತ್ತು ಅದು. ಸಪ್ತಾಪುರದಲ್ಲಿ ಬಸ್ಸು ಹಿಡಿದು, ಇಳಿದ ಮೇಲೆ ಯಂತ್ರದ ಚೀಲ ಹೆಗಲಿಗೇರಿಸಿ ನಡೆಯುತ್ತಿದ್ದೆ. ರಕ್ತದೊತ್ತಡ ಅಳೆಯುವುದು ಹೊರಗಿನಿಂದ ಕಾಣುವಷ್ಟು ಸುಲಭವಲ್ಲ. ಅದಕ್ಕೂ ಮೊದಲಿನ ಅರ್ಧ ಗಂಟೆಯಲ್ಲಿ ಚಹಾ ಕುಡಿದಿರಬಾರದು, ತಂಬಾಕು ಹಾಕಿರಬಾರದು. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ಮಾತಾಡದೆ ಕುಳಿತಿರಬೇಕು. ತೋಳು ಎದೆಯ ಮಟ್ಟದಲ್ಲಿರಬೇಕು. ಒಂದು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆದು ಸರಾಸರಿ ತೆಗೆಯಬೇಕು. ಹೆಚ್ಚಿನ ಮನೆಗಳಲ್ಲಿ ಕುರ್ಚಿಯೇ ಇರಲಿಲ್ಲ. ಪಕ್ಕದ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಕೇಳಿ ತಂದು, ಮನೆಯಿಂದ ಮನೆಗೆ ಹೊತ್ತೊಯ್ದೆ. ಆ ಐದು ನಿಮಿಷ ಸುಮ್ಮನೆ ಕೂಡುವುದೇ ಹಲವರಿಗೆ ಆಗಲಿಲ್ಲ. ಒಬ್ಬರು, ಹೀಗೆ ಹಗಲುಹೊತ್ತಿನಲ್ಲಿ ಕುರ್ಚಿಯ ಮೇಲೆ ಏನೂ ಮಾಡದೆ ಕುಳಿತದ್ದು ನೆನಪೇ ಇಲ್ಲ ಎಂದರು.

ನಾನು ಎಣಿಸಿರದ ತೊಂದರೆ ಉತ್ತರಗಳಲ್ಲಿ ಬಂತು. ಹದಿಮೂರಕ್ಕೆ ಹದಿಮೂರೂ ‘ಎಂದೂ ಇಲ್ಲ’ ಎಂದವರು ಒಬ್ಬಿಬ್ಬರಲ್ಲ. “ನಮ್ಮ ಬಾಯಾರು ಭಾಳ ಛೊಲೋ ಅದಾರ್ರೀ, ಏನೂ ಅನ್ನೂದಿಲ್ಲ.” ಅಳತೆ ಮುಗಿದು, ನೋಟ್‌ಬುಕ್ಕು ಮುಚ್ಚಿ, ನಾನು ಕುರ್ಚಿ ಎತ್ತಿಕೊಂಡು ಹೊರಟಾಗ ಅವರೇ ಬಾಗಿಲ ತನಕ ಬಂದು, ಹಿತ್ತಲ ಗೋಡೆಯ ಮೇಲೆ ಬೋರಲು ಹಾಕಿಡುವ ತಮ್ಮ ಬೇರೆ ಲೋಟದ ಕಥೆ ಹೇಳುತ್ತಿದ್ದರು. ಉಂಗುರ ಕಳೆದ ದಿನ ತಮ್ಮ ಸೆರಗು ಜಾಡಿಸಿ ನೋಡಿದ್ದನ್ನು, ಆಮೇಲೆ ಉಂಗುರ ಹಾಸಿಗೆಯಡಿ ಸಿಕ್ಕರೂ ಯಾರೂ ಒಂದು ಮಾತು ಆಡದಿದ್ದುದನ್ನು ಹೇಳುತ್ತಿದ್ದರು. ಇವನ್ನು ಅಂಕಿಗಳಲ್ಲಿ ಸೇರಿಸುವಂತಿರಲಿಲ್ಲ. ಕೇಳಿದಾಗ ಕೊಟ್ಟ ಉತ್ತರವೇ ಉತ್ತರ. ಕೊನೆಗೆ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು: “ನುಂಗ್ಕೊಂಡ ಹೋಗೂದ್ರೀ.”

ಈ ನುಂಗಿಕೊಳ್ಳುವುದರ ಬಗ್ಗೆ ಮೇಡಂ ಒಂದು ಹಳೆಯ ಲೇಖನ ತೆಗೆದುಕೊಟ್ಟರು. ನ್ಯಾನ್ಸಿ ಕ್ರೀಗರ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಕ್ಯಾಲಿಫೋರ್ನಿಯಾದ ಒಂದು ಕೌಂಟಿಯ ಸುಮಾರು ನೂರು ಕಪ್ಪು ಮತ್ತು ಬಿಳಿಯ ಹೆಂಗಸರನ್ನು, ಅನ್ಯಾಯವಾದಾಗ ಏನು ಮಾಡುತ್ತೀರಿ ಎಂದು ಅವರು ಕೇಳಿದ್ದರು. ಎದುರಿಸುತ್ತೇವೆ, ಇನ್ನೊಬ್ಬರೊಡನೆ ಹೇಳಿಕೊಳ್ಳುತ್ತೇವೆ ಎಂದ ಕಪ್ಪು ಹೆಂಗಸರಿಗಿಂತ, ಒಪ್ಪಿಕೊಂಡು ಸುಮ್ಮನಿರುತ್ತೇವೆ ಎಂದವರಲ್ಲಿ ಅಧಿಕ ರಕ್ತದೊತ್ತಡ ಇದೆಯೆಂದು ಹೇಳಿಕೊಳ್ಳುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಸಣ್ಣ ಅಧ್ಯಯನವೇ, ನಿಜ. ಆದರೂ ಅದನ್ನು ಓದಿದ ರಾತ್ರಿ ನನ್ನ ಹಾಳೆಗಳನ್ನು ಮತ್ತೆ ತೆಗೆದು ನೋಡಿದೆ. ‘ಎಂದೂ ಇಲ್ಲ’ ಎಂಬ ಉತ್ತರಗಳೇ ತುಂಬಿದ ಹಾಳೆಗಳಲ್ಲಿ ಕೆಲವು, ಬಿ.ಪಿ. ಅತಿ ಹೆಚ್ಚಿದ್ದವರ ಹಾಳೆಗಳಾಗಿದ್ದವು.

ಅವುಗಳಲ್ಲಿ ಒಂದರ ಸಂಖ್ಯೆ 178 ಮತ್ತು 104. ಯಂತ್ರ ತಪ್ಪಿರಬೇಕೆಂದು ಇನ್ನೊಂದು ತೋಳಿಗೆ ಕಟ್ಟಿ ನೋಡಿದೆ. ಅಷ್ಟೇ ಇತ್ತು. ಅವರಿಗೆ ತಲೆನೋವೂ ಇರಲಿಲ್ಲ, ಏನೂ ಇರಲಿಲ್ಲ. 140 ಮತ್ತು 90ರ ಮೇಲೆ ಕಂಡವರನ್ನು ಸರಕಾರಿ ಆಸ್ಪತ್ರೆಗೆ ತೋರಿಸಿಕೊಳ್ಳಲು ಹೇಳಬೇಕು, ತೀರ ಹೆಚ್ಚಿದ್ದರೆ ನಾನೇ ಜೊತೆಗೆ ಹೋಗಬೇಕು ಎಂದು ಮೊದಲೇ ಬರೆದುಕೊಟ್ಟಿದ್ದೆ. ಮರುದಿನ ಅವರು ಒಂದು ಮನೆಯ ಕೆಲಸ ಬಿಟ್ಟು ಬಂದರು. ಚೀಟಿ ಮಾಡಿಸುವ ಕಿಟಕಿಯಲ್ಲಿ ಕುಳಿತ ಹುಡುಗ ನನ್ನ ಮುಖ ನೋಡಿ ‘ಯಾರಿಗೆ ತೋರಿಸಬೇಕ್ರಿ?’ ಎಂದು ಕೇಳಿದ. ಆಮೇಲೆ ಅವರ ಕಡೆ ತಿರುಗಿ ‘ನಿನ್ನ ಹೆಸರೇನು, ಜಲ್ದಿ ಹೇಳು’ ಎಂದ. ನನಗಿಂತ ಅವರು ಮೂವತ್ತು ವರ್ಷ ದೊಡ್ಡವರು. ನನ್ನ ಕೈಯಲ್ಲಿ ಫೈಲಿತ್ತು, ಅವರ ಕೈಯಲ್ಲಿ ಇರಲಿಲ್ಲ. ಒಳಗೆ ಕುಳಿತ ಡಾಕ್ಟರು ಮಾತ್ರ ‘ಕುಂಡ್ರಿ ಅವ್ವಾರ’ ಎಂದು ಹೇಳಿ, ಉಸಿರು ತಹಬಂದಿಗೆ ಬರುವವರೆಗೆ ಕಾದು, ಎರಡು ಸಲ ಅಳೆದು, ಗುಳಿಗೆ ಬರೆದುಕೊಟ್ಟರು. ಅದು ಅಲ್ಲಿಯೇ ಪುಕ್ಕಟೆ ಸಿಕ್ಕಿತು. ಹೊರಗೆ ಬಂದ ಮೇಲೆ ಅವರು ಗುಳಿಗೆಯ ಮಾತನ್ನು ಆಡಲಿಲ್ಲ. “ಆ ಡಾಕ್ಟರ ಅವ್ವಾರ ಅಂದ್ರ ನೋಡ್ರಿ” ಎಂದು ಎರಡು ಸಲ ಹೇಳಿದರು.

ಲೆಕ್ಕಹಾಕುವ ಕೆಲಸ ಮಾರ್ಚಿನಲ್ಲಿ ನಡೆಯಿತು. ತಾರತಮ್ಯದ ಅಂಕ ಹೆಚ್ಚಿದಂತೆ ರಕ್ತದೊತ್ತಡ ನೇರವಾಗಿ ಏರುತ್ತದೆ ಎಂದು ಕಾಣುವುದೆಂಬ ನನ್ನ ಆಸೆ ಈಡೇರಲಿಲ್ಲ. ಸಂಬಂಧ ದುರ್ಬಲವಾಗಿತ್ತು. ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಇನ್ನೂ ತೆಳುವಾಯಿತು. 38 ಜನರಿಂದ ಏನನ್ನೂ ಸಾಬೀತುಪಡಿಸಲಾಗದು. ತಂಬಾಕು, ನಿದ್ದೆ, ಉಪ್ಪಿನಕಾಯಿ, ಗಂಡನ ಕುಡಿತ, ಸಾಲದ ಕಂತು ಎಲ್ಲವೂ ಅದೇ ಮೈಯ ಮೇಲೆ ಬೀಳುತ್ತವೆ, ಒಂದನ್ನು ಇನ್ನೊಂದರಿಂದ ಬಿಡಿಸಿ ತೋರಿಸುವ ಶಕ್ತಿ ನನ್ನ ಅಧ್ಯಯನಕ್ಕೆ ಇರಲಿಲ್ಲ. ಅಂಕಿಗಳನ್ನು ನನ್ನ ಮನಸ್ಸಿಗೆ ಬೇಕಾದ ಕಡೆ ಬಗ್ಗಿಸುವ ಆಸೆ ಒಂದು ಸಂಜೆ ಬಂದದ್ದನ್ನು ಮುಚ್ಚಿಡಲಾರೆ. ಕೆಲವರನ್ನು ಪಟ್ಟಿಯಿಂದ ಬಿಟ್ಟರೆ ಗೆರೆ ಚೆನ್ನಾಗಿ ಮೇಲೇರುತ್ತಿತ್ತು. ಆದರೆ ಬಿಡಬೇಕಾದವರು ಯಾರು ಎಂದು ನೋಡಿದರೆ ‘ಎಂದೂ ಇಲ್ಲ’ ಎಂದವರೇ. ತಮ್ಮ ಅನುಭವವನ್ನು ತಾವೇ ನುಂಗಿದವರನ್ನು ನಾನೂ ಅಳಿಸಿಹಾಕಿದಂತಾಗುತ್ತಿತ್ತು. ಎಲ್ಲರನ್ನೂ ಇಟ್ಟುಕೊಂಡೇ ಬರೆದೆ.

ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಇದು ಬಡತನದ ಪರಿಣಾಮವಲ್ಲವೇ, ಅವಮಾನಕ್ಕೂ ರಕ್ತನಾಳಕ್ಕೂ ಏನು ಸಂಬಂಧ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಲಂಡನ್ನಿನ ಸರಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನವನ್ನು ನಾನು ನೆನಪಿಸಿದೆ. ಮೈಕೆಲ್ ಮಾರ್ಮಟ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದಂತೆ, ಅಲ್ಲಿ ಕೆಳಗಿನ ದರ್ಜೆಯವರು ಹೃದಯದ ಕಾಯಿಲೆಯಿಂದ ಸಾಯುವ ಪ್ರಮಾಣ ಮೇಲಿನ ದರ್ಜೆಯವರಿಗಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಎಲ್ಲರಿಗೂ ಸಂಬಳವಿತ್ತು, ಕಾಯಂ ಕೆಲಸವಿತ್ತು. ಬೀಡಿ ಸಿಗರೇಟು, ಕೊಲೆಸ್ಟ್ರಾಲ್, ರಕ್ತದೊತ್ತಡ ಎಲ್ಲವನ್ನೂ ಲೆಕ್ಕಕ್ಕೆ ತಂದರೂ ಆ ಅಂತರ ಪೂರ್ತಿ ಕರಗಲಿಲ್ಲ. ಹೊಟ್ಟೆಗಿಲ್ಲದ್ದು ಒಂದು ಭಾರ, ಯಾರ ಕೈಕೆಳಗೆ ಹೇಗೆ ಬದುಕಬೇಕೆಂಬುದು ಇನ್ನೊಂದು ಭಾರ ಎಂದೆ. ಅವರು ತಲೆಯಾಡಿಸಿ, ನಿನ್ನ ಅಂಕಿಗಳಿಂದ ಅದು ಸಾಬೀತಾಗಿಲ್ಲ ಎಂದು ಹೇಳಿದರು. ಹೌದ್ರಿ ಸರ್ ಎಂದೆ.

ಫಲಿತಾಂಶ ಬಂದ ಮೇಲೆ, ಮೇ ತಿಂಗಳಿನಲ್ಲಿ, ಆ ಓಣಿಗಳಿಗೆ ಮತ್ತೆ ಹೋದೆ. ಪ್ರತಿಯೊಬ್ಬರ ಅಳತೆಯನ್ನು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಟ್ಟೆ. ಬೇವಿನ ಗಿಡದ ಕೆಳಗೆ ಏಳೆಂಟು ಜನ ಸೇರಿದ್ದರು. ಪ್ರಶ್ನೆಗಳಿಂದ ಏನು ಗೊತ್ತಾಯಿತು ಎಂದು ಕೇಳಿದರು. ಪೂರ್ತಿ ಗೊತ್ತಾಗಲಿಲ್ಲ, ಪ್ರಶ್ನೆಗಳು ಇನ್ನೂ ಸರಿಯಾಗಬೇಕು ಎಂದೆ. ಆಸ್ಪತ್ರೆಗೆ ನನ್ನ ಜೊತೆ ಬಂದಿದ್ದವರೂ ಅಲ್ಲಿದ್ದರು. ಗುಳಿಗೆ ಬಿಡದೆ ನುಂಗುತ್ತಿದ್ದರು, ಬಿ.ಪಿ. ಇಳಿದಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು, “ನೀವು ಎಷ್ಟ ಸಲ ಅಂದ್ರು ಅಂತ ಕೇಳಿದ್ರಿ. ಅಂದದ್ದು ಮನಸ್ಸಿನ್ಯಾಗಿಂದ ಹೋಗಾಕ ಎಷ್ಟ ಹೊತ್ತ ಬೇಕು ಅಂತ ಕೇಳಲೇ ಇಲ್ರೀ ಅಕ್ಕಾರ. ಮುಂಜಾನೆ ಅಂದದ್ದು ರಾತ್ರಿ ಚಾಪಿ ಮ್ಯಾಲ ಮಲಗಿದಾಗೂ ಇರ್ತೈತಿ” ಎಂದರು.

ಏರಿದ ಒತ್ತಡ ಹೊತ್ತಿಗೆ ಸರಿಯಾಗಿ ಇಳಿಯದಿರುವುದೇ ಮೈ ಹೊತ್ತ ಭಾರದ ಒಂದು ಮುಖ್ಯ ಬಗೆ ಎಂದು ಮೆಕ್ಯೂವನ್ ಬರೆದದ್ದನ್ನು ನಾನು ಮಳೆಗಾಲದಲ್ಲಿಯೇ ಓದಿ, ಅಡಿಗೆರೆ ಎಳೆದು, ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಸೇರಿಸಿದ್ದೆ. ಆದರೆ ಅದನ್ನು ಪ್ರಶ್ನೆಯಾಗಿಸಿ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಅದೇ ನೋಟ್‌ಬುಕ್ಕು ತೆಗೆದು, ಅವರ ಮಾತನ್ನು ಅವರ ಶಬ್ದಗಳಲ್ಲಿಯೇ ಹದಿನಾಲ್ಕನೆಯ ಪ್ರಶ್ನೆಯಾಗಿ ಬರೆದುಕೊಂಡೆ. ಬರೆದದ್ದನ್ನು ಗಟ್ಟಿಯಾಗಿ ಓದಿ ತೋರಿಸಲು ಹೇಳಿದರು. ಓದಿದಾಗ ‘ಹೊತ್ತ’ ಎಂಬಲ್ಲಿ ತಡೆದು, ‘ತಾಸು’ ಅಂತ ಬರೀರಿ, ಆಗ ಲೆಕ್ಕ ಸಿಗುತ್ತದೆ ಎಂದು ತಿದ್ದಿದರು.